ವಿಮಾ ಕಂಪನಿಯ ಪರ ವಕೀಲರಾಗಿ ಕೆಲಸ ಮಾಡುವುದು ಹೇಗೆ: ಹಾಸನದ ಕಿರಿಯ ವಕೀಲರಿಗೊಂದು ಕೈಪಿಡಿ

ಹಾಸನ, ಸಕಲೇಶಪುರ, ಚನ್ನರಾಯಪಟ್ಟಣ, ಬೇಲೂರಿನ ನ್ಯಾಯಾಲಯಗಳಲ್ಲಿ ದಿನವೂ ಕೂಗಿಸುವ ಪ್ರಕರಣಗಳ ನಡುವೆ ಎಂ.ವಿ.ಸಿ. ಸಂಖ್ಯೆಯವು, ಅಂದರೆ ಮೋಟಾರು ಅಪಘಾತ ಪರಿಹಾರದ ಅರ್ಜಿಗಳು, ಸದಾ ಇರುತ್ತವೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿ ಘಾಟಿಗೆ ಇಳಿಯುತ್ತದೆ. ಅದರ ಮೇಲೆ ರಾತ್ರಿಯಿಡೀ ಟ್ಯಾಂಕರು, ಲಾರಿ, ಬಸ್ಸುಗಳ ಓಡಾಟ. ಒಳರಸ್ತೆಗಳಲ್ಲಿ ಕಾಫಿ ತೋಟದ ಪಿಕಪ್ಪು, ಜೀಪು, ಟ್ರ್ಯಾಕ್ಟರು, ಮತ್ತು ಎಲ್ಲ ಕಡೆಯೂ ಬೈಕು. ಅಪಘಾತವಾದಾಗ ಸಲ್ಲಿಕೆಯಾಗುವ ಅರ್ಜಿಗಳಲ್ಲಿ ಬಹುಪಾಲಿನಲ್ಲಿ ವಾಹನದ ಮಾಲೀಕನ ಜೊತೆಗೆ ಒಂದು ವಿಮಾ ಕಂಪನಿಯೂ ಎದುರುದಾರನಾಗಿರುತ್ತದೆ. ಮಾಲೀಕ ಅನೇಕ ವೇಳೆ ನೋಟೀಸು ತೆಗೆದುಕೊಂಡು ಸುಮ್ಮನಾಗುತ್ತಾನೆ, ಏಕಪಕ್ಷೀಯನಾಗುತ್ತಾನೆ, ಅಂದರೆ ನ್ಯಾಯಾಲಯಕ್ಕೆ ಹಾಜರಾಗುವುದೇ ಇಲ್ಲ; ಕೊನೆಯವರೆಗೂ ಪ್ರಕರಣ ನಡೆಸುವವರು ಕಂಪನಿಯ ವಕೀಲರು ಮಾತ್ರ. ಆ ಕೆಲಸಕ್ಕೆ ಸೇರುವುದು ಹೇಗೆ, ಸೇರಿದ ಮೇಲೆ ಮಾಡುವುದು ಹೇಗೆ ಎಂಬುದನ್ನು ಜಿಲ್ಲಾ ಮಟ್ಟದಲ್ಲಿ ವೃತ್ತಿ ಆರಂಭಿಸುತ್ತಿರುವವರಿಗಾಗಿ ಇಲ್ಲಿ ಬರೆಯಲಾಗಿದೆ.

ಒಂದು ತಪ್ಪು ಕಲ್ಪನೆಯನ್ನು ಮೊದಲೇ ಬಿಡಿಸಬೇಕು. ಕಂಪನಿಯ ವಕೀಲನೆಂದರೆ ಪರಿಹಾರವನ್ನು ತಪ್ಪಿಸುವವನು ಎಂದು ವಕೀಲರ ಸಂಘದ ಹಾಲ್‌ನಲ್ಲಿಯೂ ಕೆಲವರು ಭಾವಿಸುತ್ತಾರೆ. ಮೋಟಾರು ವಾಹನ ಕಾಯ್ದೆ, 1988 ಮೂರನೆಯ ವ್ಯಕ್ತಿಯ ವಿಮೆಯನ್ನು, ಅಂದರೆ ವಾಹನದಿಂದ ಹೊರಗಿನವರಿಗೆ ಆಗುವ ಹಾನಿಗೆ ಹಣ ಕೊಡುವ ವಿಮೆಯನ್ನು, ಕಡ್ಡಾಯಗೊಳಿಸಿರುವುದೇ ಗಾಯಾಳುವಿಗೆ ಹಣ ಸಿಗಲೆಂದು. ಹಾಗಾಗಿ ಬಹುಪಾಲು ಪ್ರಕರಣಗಳಲ್ಲಿ ಕಂಪನಿ ಹಣ ಕೊಡಲೇಬೇಕಾಗುತ್ತದೆ, ಮತ್ತು ಅದು ಕಂಪನಿಗೂ ಗೊತ್ತಿರುತ್ತದೆ. ಎಷ್ಟು ಕೊಡಬೇಕು, ಯಾರ ಪರವಾಗಿ ಕೊಡಬೇಕು, ಕೊಟ್ಟ ಮೇಲೆ ಮಾಲೀಕನಿಂದ ವಸೂಲು ಮಾಡಬಹುದೇ, ಮತ್ತು ನೂರರಲ್ಲಿ ಕೆಲವು ಕಡತಗಳಲ್ಲಿ ಈ ಅಪಘಾತ ಹೇಳಿದ ಹಾಗೆಯೇ ನಡೆದಿದೆಯೇ ಎಂಬುದನ್ನು ದಾಖಲೆಯ ಮೂಲಕ ಅಳೆದು ಹೇಳುವುದೇ ಈ ವಕೀಲನ ಕೆಲಸ.

ಓದು ಮತ್ತು ಸನ್ನದು

ಓದಿನ ಭಾಗವನ್ನು ಬೇಗ ಮುಗಿಸಬಹುದು. ಪಿಯುಸಿ ನಂತರ ಐದು ವರ್ಷದ ಅಥವಾ ಪದವಿಯ ನಂತರ ಮೂರು ವರ್ಷದ ಕಾನೂನು ಪದವಿ ಬೇಕು. ಹಾಸನದಲ್ಲಿಯೇ ಎಂ. ಕೃಷ್ಣ ಕಾನೂನು ಕಾಲೇಜು ಇದೆ. ರಾಜ್ಯದ ಕಾನೂನು ಕಾಲೇಜುಗಳು ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಪದವಿಯ ನಂತರ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಸನ್ನದು, ಅಂದರೆ ವಕೀಲಿಕೆಯ ಅನುಮತಿ, ಪಡೆಯಬೇಕು. ನೋಂದಣಿಗೆಂದು ಕಾಯ್ದೆಯಲ್ಲಿ ಹೇಳಿರುವ ಶುಲ್ಕ, ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ನೀಡಿದೆ. ಇದಲ್ಲದೆ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು.

ನಿಜವಾದ ಕಲಿಕೆ ಆರಂಭವಾಗುವುದು ಹಿರಿಯರ ಕಚೇರಿಯಲ್ಲಿ. ಇಲ್ಲಿ ನನ್ನ ಸಲಹೆ ವಾಡಿಕೆಗೆ ಸ್ವಲ್ಪ ವಿರುದ್ಧವಾದುದು: ಮೊದಲ ಎರಡು ಮೂರು ವರ್ಷಗಳನ್ನು ಅರ್ಜಿದಾರರ ಪರ ಪ್ರಕರಣ ನಡೆಸುವ ಹಿರಿಯರಲ್ಲಿ ಕಳೆಯುವುದು ಒಳ್ಳೆಯದು. ಗಾಯಾಳುವಿನ ಮನೆಯವರು ಯಾವ ಕಾಗದ ಹಿಡಿದುಕೊಂಡು ಬರುತ್ತಾರೆ, ಯಾವುದನ್ನು ತರುವುದಿಲ್ಲ, ಆದಾಯದ ಬಗ್ಗೆ ಮೊದಲ ದಿನ ಏನು ಹೇಳುತ್ತಾರೆ ಮತ್ತು ಅರ್ಜಿ ಟೈಪ್ ಆಗುವ ಹೊತ್ತಿಗೆ ಅದು ಏನಾಗಿರುತ್ತದೆ ಎಂಬುದನ್ನು ಆ ಮೇಜಿನ ಬಳಿ ಕುಳಿತು ನೋಡಿದವರಿಗೆ, ಮುಂದೆ ಎದುರಿನ ಮೇಜಿಗೆ ಹೋದಾಗ ಅರ್ಜಿಯ ಪ್ರತಿ ಸಾಲಿನ ಹಿಂದೆ ಏನಿದೆ ಎಂಬುದು ತಿಳಿಯುತ್ತದೆ. ಮನುಷ್ಯರ ಕಷ್ಟವೂ ಕಾಣುತ್ತದೆ, ಅದೂ ಬೇಕು. ಈ ವರ್ಷಗಳಲ್ಲಿ ಕೈಗೆ ಹಣ ಬರುವುದು ಕಡಿಮೆ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಟ್ಟುಕೊಳ್ಳುವುದು ಲೇಸು.

ಕನ್ನಡದಲ್ಲಿ ಬರೆಯುವ, ಓದುವ ಶಕ್ತಿ ಇಲ್ಲಿ ಬಹಳ ಮುಖ್ಯ. ದೂರು, ಮಹಜರು, ಸಾಕ್ಷಿಗಳ ಹೇಳಿಕೆ ಎಲ್ಲವೂ ಪೊಲೀಸರ ಕೈಬರಹದ ಕನ್ನಡದಲ್ಲಿರುತ್ತವೆ; ಪಾಲಿಸಿ, ಆಸ್ಪತ್ರೆಯ ದಾಖಲೆ, ಕಂಪನಿಯ ಪತ್ರವ್ಯವಹಾರ ಇಂಗ್ಲಿಷಿನಲ್ಲಿರುತ್ತವೆ. ಎರಡನ್ನೂ ಒಂದೇ ಕಡತದಲ್ಲಿ ಎದುರುಬದುರು ಇಟ್ಟು ಓದಬಲ್ಲವರು ಮಾತ್ರ ಇವುಗಳ ನಡುವಿನ ಹೊಂದಾಣಿಕೆಯ ಕೊರತೆಯನ್ನು ಹಿಡಿಯಬಲ್ಲರು.

ಪ್ಯಾನೆಲ್‌ಗೆ ಸೇರುವ ದಾರಿ

ಸಾಮಾನ್ಯ ವಿಮೆಯಲ್ಲಿ ಸರ್ಕಾರಿ ಸ್ವಾಮ್ಯದ ನಾಲ್ಕು ಕಂಪನಿಗಳಿವೆ: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್ ಮತ್ತು ಯುನೈಟೆಡ್ ಇಂಡಿಯಾ. 1972ರ ರಾಷ್ಟ್ರೀಕರಣ ಕಾಯ್ದೆಯ ನಂತರ ರೂಪುಗೊಂಡ ಇವುಗಳ ಜೊತೆಗೆ ಈಗ ಅನೇಕ ಖಾಸಗಿ ಕಂಪನಿಗಳಿವೆ. ಪ್ರತಿಯೊಂದೂ ತನ್ನದೇ ಆದ ವಕೀಲರ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ಪ್ಯಾನೆಲ್ ಎಂದು ಹೆಸರು. ಎಷ್ಟು ವರ್ಷದ ಅನುಭವ ಬೇಕು, ಯಾವ ಶುಲ್ಕ, ಎಷ್ಟು ಅವಧಿಗೆ ನೇಮಕ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಸಂಬಂಧಪಟ್ಟ ವಿಭಾಗೀಯ ಅಥವಾ ಪ್ರಾದೇಶಿಕ ಕಚೇರಿಯ ಕಾನೂನು ವಿಭಾಗವನ್ನೇ ಕೇಳಿ ತಿಳಿದುಕೊಳ್ಳಬೇಕು.

ಅರ್ಜಿಯ ಜೊತೆಗೆ ನೋಂದಣಿ ಪ್ರಮಾಣಪತ್ರ, ಅನುಭವದ ವಿವರ ಮತ್ತು ನಡೆಸಿದ ಪ್ರಕರಣಗಳ ಪಟ್ಟಿಯನ್ನು ಸಾಮಾನ್ಯವಾಗಿ ಕೇಳುತ್ತಾರೆ. ಪಟ್ಟಿ ಉದ್ದವಾಗಿರುವುದಕ್ಕಿಂತ, ನೀವು ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯ ವಿಚಾರಣೆ, ಮಾಡಿದ ನಾಲ್ಕೈದು ಪ್ರಕರಣಗಳ ತೀರ್ಪಿನ ನಕಲು ಇದ್ದರೆ ಹೆಚ್ಚು ತೂಕ. ಅದಕ್ಕಿಂತಲೂ ಸಾಮಾನ್ಯವಾದ ದಾರಿಯೆಂದರೆ ಪ್ಯಾನೆಲ್‌ನಲ್ಲಿರುವ ಹಿರಿಯರ ಕಡತಗಳನ್ನು ನೋಡಿಕೊಳ್ಳುತ್ತಾ ಕಂಪನಿಯ ಅಧಿಕಾರಿಗಳಿಗೆ ಪರಿಚಿತರಾಗುವುದು. ಅಧಿಕಾರಿ ಸಂಜೆ ಫೋನ್ ಮಾಡಿ, "ಸರ್, ಆ ಆಲೂರಿನ ಕೇಸು ಇವತ್ತು ಏನಾಯಿತು?" ಎಂದು ಕೇಳಿದಾಗ ಡೈರಿ ನೋಡದೆ ಉತ್ತರ ಹೇಳುವ ಕಿರಿಯರು ಯಾರೆಂಬುದು ಅವರಿಗೆ ಬೇಗ ಗೊತ್ತಾಗುತ್ತದೆ.

ಸೇರುವ ಮೊದಲು ಎರಡು ವಿಷಯ ಯೋಚಿಸಬೇಕು. ಮೊದಲನೆಯದು ಹಣದ್ದು. ಶುಲ್ಕ ಕಂಪನಿಯ ದರಪಟ್ಟಿಯಂತೆ ನಿಗದಿಯಾಗಿರುತ್ತದೆ, ಬಿಲ್ಲು ಮಂಜೂರಾಗಿ ಖಾತೆಗೆ ಬರುವವರೆಗೆ ಕಾಯಬೇಕಾಗುತ್ತದೆ. ಹಾಗಾಗಿ ಪಾಲು ವಿಭಾಗ, ತಡೆಯಾಜ್ಞೆಯಂತಹ ಸಿವಿಲ್ ಕೆಲಸವನ್ನು ಬಿಟ್ಟು ಇದೊಂದನ್ನೇ ನೆಚ್ಚಿಕೊಳ್ಳುವುದು ಆರಂಭದಲ್ಲಿ ಜಾಣತನವಲ್ಲ. ಎರಡನೆಯದು ಹಿತಾಸಕ್ತಿಯ ಘರ್ಷಣೆ. ಒಂದು ಕಂಪನಿಯ ಪ್ಯಾನೆಲ್‌ನಲ್ಲಿರುವವರು ಅದೇ ಕಂಪನಿಯ ವಿರುದ್ಧ ವಕಾಲತ್ತು ಹಾಕುವಂತಿಲ್ಲ. ಹಾಸನದಂತಹ ಊರಿನಲ್ಲಿ ಗಾಯಾಳು ನಿಮ್ಮ ಅತ್ತೆಯ ಊರಿನವರಾಗಿರಬಹುದು, ಲಾರಿಯ ಮಾಲೀಕ ನಿಮ್ಮ ಹಳೆಯ ಕಕ್ಷಿದಾರನಾಗಿರಬಹುದು. ಅಂಥ ಕಡತವನ್ನು ಬಂದ ದಿನವೇ ಕಾರಣ ಬರೆದು ಹಿಂದಿರುಗಿಸಬೇಕು, ಎರಡು ವಾಯಿದೆ ಕಳೆದ ಮೇಲಲ್ಲ.

ನ್ಯಾಯಾಲಯದ ಓಡಾಟ ಬೇಡವೆನ್ನುವವರಿಗೆ ಕಂಪನಿಯೊಳಗಿನ ಕಾನೂನು ಅಧಿಕಾರಿಯ ಹುದ್ದೆಯೂ ಒಂದು ದಾರಿ. ಸರ್ಕಾರಿ ಸ್ವಾಮ್ಯದ ಕಂಪನಿಗಳು ಆಡಳಿತಾಧಿಕಾರಿ ನೇಮಕಾತಿಯಲ್ಲಿ ಕಾನೂನು ಪದವೀಧರರನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳುವುದುಂಟು. ಆದರೆ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದವರು ವಕೀಲಿಕೆ ಮಾಡುವಂತಿಲ್ಲ. ಸನ್ನದನ್ನು ಅಮಾನತಿನಲ್ಲಿ ಇಡಬೇಕಾಗುತ್ತದೆ.

ಕಡತ ಕೈಗೆ ಬಂದ ಮೊದಲ ವಾರ

ಈ ವೃತ್ತಿಯಲ್ಲಿ ಗೆಲುವು ಸೋಲು ಬಹುತೇಕ ನಿರ್ಧಾರವಾಗುವುದು ಅಪಘಾತ ನಡೆದ ಮೊದಲ ಎರಡು ದಿನಗಳಲ್ಲಿ ಹುಟ್ಟಿದ ಕಾಗದಗಳಲ್ಲಿ. ಆಗ ಯಾರ ತಲೆಯಲ್ಲಿಯೂ ಪರಿಹಾರದ ಯೋಚನೆ ಇರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿರುತ್ತಾರೆ. ಆದ್ದರಿಂದ ಅರ್ಜಿಯನ್ನು ಓದುವ ಮೊದಲು ಆಸ್ಪತ್ರೆಯ ಎಂ.ಎಲ್.ಸಿ. ದಾಖಲೆ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಬರೆದಿಡುವ ದಾಖಲೆ), ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಹೋದ ಮಾಹಿತಿ, ಮೊದಲ ದೂರು ಇವುಗಳನ್ನು ಓದಬೇಕು. ಅರ್ಜಿಯನ್ನು ಆಮೇಲೆ ತೆರೆಯಬೇಕು.

ಒಂದು ಮಾದರಿ ನೋಡೋಣ. ಬೈಕ್ ಸವಾರನೊಬ್ಬ ಕಾಲು ಮುರಿದುಕೊಂಡು ರಾತ್ರಿ ಒಂಬತ್ತೂವರೆಗೆ ಹಾಸನದ ಆಸ್ಪತ್ರೆಗೆ ದಾಖಲಾಗಿದ್ದಾನೆ. ತುರ್ತು ಚಿಕಿತ್ಸಾ ವಿಭಾಗದ ಪುಸ್ತಕದಲ್ಲಿ ಕರ್ತವ್ಯನಿರತ ವೈದ್ಯರು ಹಿಸ್ಟರಿ ಎಂಬ ಜಾಗದಲ್ಲಿ, ನಾಯಿ ಅಡ್ಡ ಬಂದು ಬೈಕಿನಿಂದ ಬಿದ್ದದ್ದು ಎಂದು ಇಂಗ್ಲಿಷಿನಲ್ಲಿ ಅರ್ಧ ಸಾಲು ಗೀಚಿದ್ದಾರೆ. ಕರೆತಂದವರ ಹೆಸರಿನ ಮುಂದೆ ಅಣ್ಣ ಎಂದಿದೆ. ಹನ್ನೆರಡು ದಿನಗಳ ನಂತರ ಠಾಣೆಗೆ ಬಂದ ದೂರಿನಲ್ಲಿ ಹಿಂದಿನಿಂದ ಬಂದ ಕಾರೊಂದು ಗುದ್ದಿತು ಎಂದಿದೆ, ಕಾರಿನ ನಂಬರೂ ಪೂರ್ತಿಯಾಗಿದೆ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ, ಅಂದರೆ ನಾವು ಐ.ಎಂ.ವಿ. ವರದಿ ಎನ್ನುವುದರಲ್ಲಿ, ಕಾರಿನ ಮುಂಭಾಗಕ್ಕೆ ಹಾನಿಯಿಲ್ಲ. ಬೈಕಿನ ಬಲಗಡೆಯ ಹ್ಯಾಂಡಲ್ ಮತ್ತು ಫುಟ್‌ರೆಸ್ಟ್ ಮಾತ್ರ ಬಾಗಿವೆ, ಹಿಂದಿನ ಮಡ್‌ಗಾರ್ಡ್ ನೆಟ್ಟಗಿದೆ. ಈ ಮೂರು ಕಾಗದಗಳನ್ನು ಒಟ್ಟಿಗೆ ಇಟ್ಟರೆ ಪ್ರಕರಣದ ಸ್ವರೂಪ ಗೊತ್ತಾಗುತ್ತದೆ. ಆಗ ಆಸ್ಪತ್ರೆಯ ದಾಖಲಾತಿ ವಿಭಾಗದ ಸಿಬ್ಬಂದಿಯನ್ನು ಮೂಲ ಪುಸ್ತಕದೊಂದಿಗೆ ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕಬೇಕು. ಜೆರಾಕ್ಸ್ ಪ್ರತಿಯನ್ನು ಹಿಡಿದುಕೊಂಡು ವಾದಿಸಿದರೆ ಪ್ರಯೋಜನವಿಲ್ಲ. ಸಾಧ್ಯವಾದರೆ ಹಿಸ್ಟರಿ ಬರೆದ ವೈದ್ಯರನ್ನೇ ಕರೆಸಬೇಕು, ಏಕೆಂದರೆ ಆ ಮಾತನ್ನು ಹೇಳಿದವರು ಗಾಯಾಳುವೋ ಅಣ್ಣನೋ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆದರೆ ದೂರು ತಡವಾಗಿದೆ ಎಂಬ ಒಂದೇ ಕಾರಣಕ್ಕೆ ಮೋಸವೆಂದು ಬರೆಯುವ ಅಭ್ಯಾಸ ಒಳ್ಳೆಯದಲ್ಲ. ಮನೆಯ ದುಡಿಯುವ ಮನುಷ್ಯ ಮಂಗಳೂರಿನ ಐ.ಸಿ.ಯು.ನಲ್ಲಿ ಮಲಗಿದ್ದರೆ ಹೆಂಡತಿ ಠಾಣೆಗೆ ಹೋಗುವುದು ತಡವಾಗಿಯೇ ಆಗುತ್ತದೆ, ನ್ಯಾಯಾಲಯಗಳೂ ಇದನ್ನು ಒಪ್ಪುತ್ತವೆ. ಎಲ್ಲ ಆಕ್ಷೇಪಣೆಗಳಲ್ಲೂ, ಅಂದರೆ ಅರ್ಜಿಗೆ ಕಂಪನಿ ಸಲ್ಲಿಸುವ ಲಿಖಿತ ಉತ್ತರಗಳಲ್ಲೂ, ಒಂದೇ ಆರೋಪವನ್ನು ನಕಲು ಮಾಡುವ ವಕೀಲನ ಮಾತಿಗೆ, ನಿಜವಾಗಿಯೂ ಮೋಸ ನಡೆದ ಕಡತದಲ್ಲಿ ಬೆಲೆ ಇರುವುದಿಲ್ಲ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನದೊಳಗೆ ಸವಿವರ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ, ಅಂದರೆ ಈ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಾಲಯಕ್ಕೆ, ಸಲ್ಲಿಸಬೇಕು. ಇವು ಕಡತದಲ್ಲಿ ಇಲ್ಲದಿದ್ದರೆ ಕೇಳಿ ತರಿಸಬೇಕು. ಅದೇ ದಿನದಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಮಿತಿಯೂ ಮೋಟಾರು ವಾಹನ ಕಾಯ್ದೆಯ ಕಲಂ 166(3)ರಲ್ಲಿ ಮರಳಿ ಬಂದಿದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿರುವುದರಿಂದ ಆಕ್ಷೇಪಣೆಯಲ್ಲಿ ಆ ಅಂಶವನ್ನು ಎತ್ತಿ ಇಡಬೇಕು, ಅದನ್ನೇ ನೆಚ್ಚಿಕೊಂಡು ಉಳಿದ ಸಾಕ್ಷ್ಯವನ್ನು ಕೈಬಿಡಬಾರದು.

ಪಾಲಿಸಿಯನ್ನು ಸಾಲುಸಾಲಾಗಿ ಓದುವುದು

ಅಪಘಾತ ನಿಜ, ತಪ್ಪು ನಮ್ಮ ವಾಹನದ ಚಾಲಕನದೇ ಎಂದಾದ ಮೇಲೆ ಉಳಿಯುವ ಪ್ರಶ್ನೆ ಹೊಣೆಯದ್ದು. ಕಂಪನಿ ಎತ್ತಬಹುದಾದ ತಕರಾರುಗಳು ಮೊದಲು ಕಲಂ 149ರಲ್ಲಿದ್ದವು, 2019ರ ತಿದ್ದುಪಡಿಯ ನಂತರ ಕಲಂ 150ಕ್ಕೆ ಬಂದಿವೆ. ಹಳೆಯ ಮಾದರಿಯ ಆಕ್ಷೇಪಣೆಯಲ್ಲಿ ಹಳೆಯ ಕಲಮನ್ನೇ ಉಳಿಸಿಕೊಂಡು ಸಲ್ಲಿಸುವುದು ಈಗಲೂ ಕಾಣುತ್ತದೆ. ಅಪಘಾತದ ದಿನಾಂಕ ನೋಡಿ ಕಲಂ ಬರೆಯಬೇಕು.

ಚಾಲನಾ ಪರವಾನಗಿಯ ತಕರಾರು ಎಲ್ಲಕ್ಕಿಂತ ಸಾಮಾನ್ಯ. ಪರವಾನಗಿ ಇರಲಿಲ್ಲ ಎಂದು ಹೇಳಿದರೆ ಸಾಲದು, ಅದನ್ನು ಸಾಬೀತು ಮಾಡುವ ಭಾರ ಕಂಪನಿಯದೇ ಎಂದು 2004ರ ಸ್ವರಣ್ ಸಿಂಗ್ ತೀರ್ಪು ಸ್ಪಷ್ಟಪಡಿಸಿದೆ. ಹಾಸನದ ಕೆಎ–13, ಚಿಕ್ಕಮಗಳೂರಿನ ಕೆಎ–18, ಸಕಲೇಶಪುರದ ಕೆಎ–46 ಹೀಗೆ ಯಾವ ಆರ್.ಟಿ.ಒ. ಕಚೇರಿಯಿಂದ ಪರವಾನಗಿ ಹೊರಟಿದೆಯೋ ಅಲ್ಲಿನ ಸಿಬ್ಬಂದಿಯನ್ನು ದಾಖಲೆಯೊಂದಿಗೆ ಕರೆಸಬೇಕು. ಮಾಲೀಕನಿಗೆ ಪರವಾನಗಿ ಹಾಜರುಪಡಿಸುವಂತೆ ನೋಟೀಸು ಕೊಟ್ಟು ಅದರ ಅಂಚೆ ರಸೀದಿಯನ್ನೂ ಇಟ್ಟುಕೊಳ್ಳಬೇಕು. ಲಘು ಮೋಟಾರು ವಾಹನದ ಪರವಾನಗಿ ಇದ್ದವನು ಸಾರಿಗೆ ವಾಹನವನ್ನು ಓಡಿಸಿದ ಎಂಬ ತಕರಾರಿಗೆ ಈಗ ಹೆಚ್ಚು ಬಲವಿಲ್ಲ. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಅದೇ ಪರವಾನಗಿಯಲ್ಲಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ರಂಭಾದೇವಿ ಪ್ರಕರಣದಲ್ಲಿ ಹೇಳಿದೆ. ತೋಟಗಳಲ್ಲಿ ಓಡುವ ಬಹುತೇಕ ಪಿಕಪ್‌ಗಳು ಈ ಮಿತಿಯೊಳಗೆ ಬರುತ್ತವೆ. ಹೀಗಿದ್ದೂ ಈ ತಕರಾರನ್ನು ಎತ್ತುವಂತೆ ಕಚೇರಿಯಿಂದ ಸೂಚನೆ ಬಂದರೆ, ಅದು ನಿಲ್ಲುವುದಿಲ್ಲವೆಂದು ಬರವಣಿಗೆಯಲ್ಲಿ ತಿಳಿಸುವುದು ವಕೀಲರ ಕರ್ತವ್ಯ.

ಮಲೆನಾಡಿನ ಈ ಭಾಗದಲ್ಲಿ ನಿಜವಾಗಿ ಹೆಚ್ಚು ಗಮನ ಬೇಡುವುದು ಸರಕು ವಾಹನದಲ್ಲಿ ಜನ ಸಾಗಿಸಿದ ಪ್ರಕರಣಗಳು. ಸಂತೆ ಮುಗಿಸಿ ಹತ್ತು ಹದಿನೈದು ಮಂದಿ ಪಿಕಪ್ಪಿನ ಹಿಂಬದಿಯಲ್ಲಿ ನಿಂತುಕೊಂಡು ಬರುತ್ತಾರೆ, ತಿರುವಿನಲ್ಲಿ ವಾಹನ ಮಗುಚುತ್ತದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಕೊಂಡು ಬಂದ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲ ಎಂದು 2002ರ ಆಶಾ ರಾಣಿ ತೀರ್ಪು ಹೇಳುತ್ತದೆ. ಆದರೆ 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ ವಾಹನದಲ್ಲಿದ್ದರೆ ಅವರಿಗೆ ರಕ್ಷಣೆಯುಂಟು. ಆದ್ದರಿಂದ ಮೊದಲ ದೂರಿನಲ್ಲಿ ಬಾಡಿಗೆ ಕೊಟ್ಟು ಹತ್ತಿಕೊಂಡೆವು ಎಂದಿದ್ದವರು ಅರ್ಜಿಯಲ್ಲಿ ತಲಾ ಒಂದೊಂದು ಮೆಣಸಿನ ಮೂಟೆಯ ಮಾಲೀಕರಾಗಿರುತ್ತಾರೆ. ಮಹಜರಿನಲ್ಲಿ ರಸ್ತೆಯ ಮೇಲೆ ಚೆಲ್ಲಿದ ಮೆಣಸಿನ ಉಲ್ಲೇಖ ಇದೆಯೇ, ವಾಹನದ ಆಸನ ಸಾಮರ್ಥ್ಯ ಎಷ್ಟು, ಪಾಲಿಸಿಯಲ್ಲಿ ಹಮಾಲಿಗಳಿಗೆಂದು ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದಾರೆಯೇ, ಕಟ್ಟಿದ್ದರೆ ಎಷ್ಟು ಮಂದಿಗೆ ಎಂಬುದನ್ನು ನೋಡಬೇಕು. ಪ್ರೀಮಿಯಂ ಲೆಕ್ಕದ ಕೋಷ್ಟಕದಲ್ಲಿ ಒಂದು ಸಣ್ಣ ಸಾಲು ಇಡೀ ಹೊಣೆಯನ್ನು ಬದಲಿಸಿಬಿಡುತ್ತದೆ.

ಪ್ರೀಮಿಯಂ ಚೆಕ್ ವಾಪಸಾದ ಪ್ರಕರಣದಲ್ಲಿ ದಿನಾಂಕಗಳೇ ಎಲ್ಲ. ಅಪಘಾತಕ್ಕೆ ಮುಂಚೆ ಪಾಲಿಸಿಯನ್ನು ರದ್ದುಗೊಳಿಸಿ ಮಾಲೀಕನಿಗೆ ತಿಳಿಸಿರದಿದ್ದರೆ ಮೂರನೆಯ ವ್ಯಕ್ತಿಗೆ ಕಂಪನಿ ಹಣ ಕೊಡಲೇಬೇಕೆಂದು 2012ರ ಲಕ್ಷ್ಮಮ್ಮ ತೀರ್ಪಿನಲ್ಲಿದೆ.

ಷರತ್ತಿನ ಉಲ್ಲಂಘನೆ ಸಾಬೀತಾದ ಅನೇಕ ಪ್ರಕರಣಗಳಲ್ಲಿಯೂ ನ್ಯಾಯಮಂಡಳಿ, ಮೊದಲು ಕಂಪನಿ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುತ್ತದೆ. ನಮ್ಮ ಹೈಕೋರ್ಟಿನ ಪೂರ್ಣಪೀಠ 2020ರ ಯಲ್ಲವ್ವ ಪ್ರಕರಣದಲ್ಲಿ ಈ ವಿಷಯವನ್ನು ವಿವರವಾಗಿ ಚರ್ಚಿಸಿದ್ದು, ಅದನ್ನು ಓದದೆ ಹೊಣೆಯ ವಾದಕ್ಕೆ ನಿಲ್ಲಬಾರದು. ಇಂಥ ಆದೇಶ ಸಿಕ್ಕರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಮಾಲೀಕನ ಆಸ್ತಿಯ ವಿವರವನ್ನು ಕೂಡಲೇ ಕಂಪನಿಗೆ ಕಳುಹಿಸದಿದ್ದರೆ ವಸೂಲಿ ಕಾಗದದ ಮೇಲೆಯೇ ಉಳಿಯುತ್ತದೆ.

ಲೆಕ್ಕ ಬಾರದವರು ಈ ಕೆಲಸಕ್ಕಲ್ಲ

ಮರಣ ಪ್ರಕರಣಗಳ ಪರಿಹಾರವನ್ನು 2009ರ ಸರಳಾ ವರ್ಮ ಮತ್ತು 2017ರ ಅಕ್ಟೋಬರ್ 31ರ ಪ್ರಣಯ್ ಸೇಠಿ ತೀರ್ಪುಗಳ ಸೂತ್ರದಂತೆ ಲೆಕ್ಕ ಹಾಕಬೇಕು. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ, ಸ್ವಂತ ಉದ್ಯೋಗದ 38 ವರ್ಷದ ವ್ಯಕ್ತಿಯೊಬ್ಬ ತೀರಿಕೊಂಡಿದ್ದಾನೆ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಸೇರಿ ನಾಲ್ವರು ಅವಲಂಬಿತರು ಎನ್ನೋಣ. ನಲವತ್ತು ವರ್ಷದೊಳಗಿನವನಾದ್ದರಿಂದ ಭವಿಷ್ಯದ ಆದಾಯಕ್ಕೆಂದು ಶೇಕಡಾ 40 ಸೇರಿಸಿದರೆ 21,000 ಆಗುತ್ತದೆ. ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 15,750. ಇದನ್ನು ಹನ್ನೆರಡು ತಿಂಗಳಿಂದಲೂ, 36ರಿಂದ 40 ವರ್ಷದವರಿಗೆ ನಿಗದಿಯಾದ ಗುಣಕ 15ರಿಂದಲೂ ಗುಣಿಸಿದರೆ 28,35,000 ರೂಪಾಯಿ.

ಈಗ ಶಾಲೆಯ ವರ್ಗಾವಣೆ ಪತ್ರದಲ್ಲಿ ಅದೇ ವ್ಯಕ್ತಿಯ ವಯಸ್ಸು 41 ಎಂದು ಸಿಕ್ಕಿತೆನ್ನೋಣ. ಭವಿಷ್ಯದ ಆದಾಯದ ಸೇರ್ಪಡೆ ಶೇಕಡಾ 25ಕ್ಕೆ ಇಳಿಯುತ್ತದೆ, ಗುಣಕ 14 ಆಗುತ್ತದೆ, ಮೊತ್ತ 23,62,500ಕ್ಕೆ ಬರುತ್ತದೆ. ಮೂರು ವರ್ಷದ ವ್ಯತ್ಯಾಸಕ್ಕೆ 4,72,500 ರೂಪಾಯಿ. ಆಧಾರ್ ಕಾರ್ಡನ್ನು ವಯಸ್ಸಿನ ಪುರಾವೆಯಾಗಿ ನೆಚ್ಚುವಂತಿಲ್ಲ, ಶಾಲಾ ದಾಖಲೆ ಮೇಲು ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿರುವುದರಿಂದ, ಶಾಲೆಯ ದಾಖಲಾತಿ ಪುಸ್ತಕ ತರಿಸುವುದು ಈಗ ಹಿಂದೆಂದಿಗಿಂತ ಮುಖ್ಯವಾಗಿದೆ. ಈ ದಾಖಲೆ ಕೆಲವೊಮ್ಮೆ ಅರ್ಜಿದಾರರಿಗೇ ಅನುಕೂಲವಾಗುತ್ತದೆ. ಆಗಲೂ ಕಂಪನಿಗೆ ನಿಜವಾದ ಲೆಕ್ಕವನ್ನೇ ಕಳುಹಿಸಬೇಕು. ಇದರ ಮೇಲೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಸಹಜೀವನ ನಷ್ಟಕ್ಕೆ (ತೀರಿಕೊಂಡವರ ಒಡನಾಟ ಇಲ್ಲವಾದುದಕ್ಕೆ) 40,000 ರೂಪಾಯಿ ಸೇರುತ್ತವೆ, ಮೂರು ವರ್ಷಕ್ಕೊಮ್ಮೆ ಇವು ಶೇಕಡಾ 10ರಷ್ಟು ಏರುತ್ತವೆ.

ಗಾಯದ ಪ್ರಕರಣಗಳಲ್ಲಿ ಅಂಗವೈಕಲ್ಯದ ಪ್ರಮಾಣವೇ ಜಗಳದ ಮೂಲ. ವೈದ್ಯರು ಬಲಗಾಲಿಗೆ ಶೇಕಡಾ 36 ಎಂದು ಬರೆದರೆ ಅದು ಇಡೀ ದೇಹದ ಪ್ರಮಾಣವಲ್ಲ, ದುಡಿಮೆಯ ನಷ್ಟದ ಪ್ರಮಾಣವೂ ಅಲ್ಲ. ಈ ಮೂರನ್ನೂ ಬೇರ್ಪಡಿಸಿ ನೋಡಬೇಕೆಂದು 2010ರ ರಾಜ್‌ಕುಮಾರ್ ತೀರ್ಪು ಹೇಳಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಕೂರುವವರಿಗೆ ಮಂಡಿ ಮಡಚಲಾಗದಿದ್ದರೆ ಆಗುವ ನಷ್ಟವೇ ಬೇರೆ, ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವವನಿಗೆ ಆಗುವ ನಷ್ಟವೇ ಬೇರೆ. ಎರಡನೆಯವನ ವಿಷಯದಲ್ಲಿ ಕಡಿಮೆ ಪ್ರಮಾಣಕ್ಕಾಗಿ ಹಟ ಹಿಡಿಯುವುದು ಕಾನೂನಿನ ದೃಷ್ಟಿಯಿಂದಲೂ ದುರ್ಬಲ. ಪ್ರಮಾಣಪತ್ರ ಕೊಟ್ಟ ವೈದ್ಯರು ಚಿಕಿತ್ಸೆ ಕೊಟ್ಟವರೋ ಅಲ್ಲವೋ, ಇತ್ತೀಚಿನ ಎಕ್ಸ್‌ರೇ ತೆಗೆಸಿದ್ದಾರೋ, ಮೂಳೆ ಕೂಡಿದೆಯೋ ಎಂಬುದನ್ನು ಮಾತ್ರ ಬಿಡದೆ ಕೇಳಬೇಕು.

ಪಾಟೀಸವಾಲು

ಹಿಂದೆ ಕಂಪನಿಯು ಎಲ್ಲ ತಕರಾರುಗಳನ್ನೂ ಎತ್ತಬೇಕಾದರೆ ಕಲಂ 170ರ ಅನುಮತಿ ಬೇಕೆಂಬ ಕಟ್ಟುನಿಟ್ಟಿತ್ತು. ಅರ್ಜಿದಾರರೇ ಕಂಪನಿಯನ್ನು ಎದುರುದಾರನನ್ನಾಗಿ ಮಾಡಿದ್ದರೆ ಆ ಅನುಮತಿ ಬೇಕಿಲ್ಲವೆಂದು 2011ರ ಶಿಲಾ ದತ್ತಾ ತೀರ್ಪು ಹೇಳಿದೆ; ಆದರೂ ಮುನ್ನೆಚ್ಚರಿಕೆಗೆಂದು ಅರ್ಜಿ ಹಾಕುವ ರೂಢಿ ಹೋಗಿಲ್ಲ, ಅದರಿಂದ ನಷ್ಟವೂ ಇಲ್ಲ.

ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ಅರ್ಧ ಗಂಟೆ ನಿಲ್ಲಿಸಿ ಪ್ರಶ್ನಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ, ಅಪಘಾತವನ್ನು ಆಕೆ ಕಂಡೂ ಇರುವುದಿಲ್ಲ. "ಅಮ್ಮ, ನಿಮ್ಮ ಯಜಮಾನರ ಹೆಸರಿನಲ್ಲಿ ಎಷ್ಟು ಎಕರೆ ಜಮೀನಿತ್ತು? ಈಗ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?" ಎಂಬ ಎರಡು ಪ್ರಶ್ನೆಗಳಲ್ಲಿ ಆದಾಯದ ವಿಷಯ ಬಹುಮಟ್ಟಿಗೆ ಹೊರಬರುತ್ತದೆ: ಜಮೀನು ಮನೆಯವರ ಕೈಯಲ್ಲೇ ಇದ್ದರೆ ನಷ್ಟವಾದದ್ದು ಬೆಳೆಯಲ್ಲ, ಅವನ ಮೇಲ್ವಿಚಾರಣೆ ಮತ್ತು ದುಡಿಮೆ. ಪ್ರತ್ಯಕ್ಷಸಾಕ್ಷಿ ಎಂದು ಬಂದವನನ್ನು ಮಾತ್ರ ನಕ್ಷೆ ಕೈಗೆ ಕೊಟ್ಟು ನಿಧಾನವಾಗಿ ಕೇಳಬೇಕು: ನೀವು ಎಲ್ಲಿ ನಿಂತಿದ್ದಿರಿ, ಅಲ್ಲಿಂದ ತಿರುವು ಕಾಣುತ್ತದೆಯೇ, ಪೊಲೀಸರಿಗೆ ಯಾವತ್ತು ಹೇಳಿಕೆ ಕೊಟ್ಟಿರಿ. ಕೊನೆಯಲ್ಲಿ ನಮ್ಮ ವಾದವನ್ನು ಸಲಹೆಯ ರೂಪದಲ್ಲಿ ಸಾಕ್ಷಿಯ ಮುಂದೆ ಇಡಲೇಬೇಕು. ಸಾಕ್ಷಿ ಒಪ್ಪದೆ, ಕಾರು ಗುದ್ದಿಲ್ಲ ಎಂದರೆ ಸರಿಯಲ್ಲ ಎಂದು ದಾಖಲಾದರೂ ಚಿಂತೆಯಿಲ್ಲ; ಆ ಸಲಹೆ ಹಾಕಿಯೇ ಇಲ್ಲವೆಂದರೆ ವಾದದ ಹಂತದಲ್ಲಿ ಕಷ್ಟ.

ಇಬ್ಬರ ತಪ್ಪೂ ಇದೆ ಎಂಬ ವಾದಕ್ಕೆ ಆಧಾರ ಬೇಕು. ಬೈಕಿನಲ್ಲಿ ಮೂವರಿದ್ದರು ಎಂಬುದಷ್ಟರಿಂದಲೇ ತಪ್ಪು ಹಂಚುವುದಿಲ್ಲ, ಅದರಿಂದಲೇ ಅಪಘಾತವಾಯಿತೆಂದು ತೋರಿಸಬೇಕೆಂದು 2020ರಲ್ಲಿ ಮೊಹಮ್ಮದ್ ಸಿದ್ದೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತೋಟದ ಕಾರ್ಮಿಕರು, ಗ್ರಾಹಕ ಆಯೋಗ

ಪ್ಯಾನೆಲ್ ವಕೀಲರಿಗೆ ನೌಕರರ ಪರಿಹಾರ ಕಾಯ್ದೆ, 1923ರ ಪ್ರಕರಣಗಳೂ ಬರುತ್ತವೆ; 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಮರದಿಂದ ಬಿದ್ದ ಕಾರ್ಮಿಕ, ಕೆಲಸದ ವೇಳೆ ಸತ್ತ ಲಾರಿ ಚಾಲಕ ಇಂಥವು. ಇಲ್ಲಿ ಯಾರ ತಪ್ಪು ಎಂಬ ಪ್ರಶ್ನೆ ಮುಖ್ಯವಲ್ಲ; ಕೆಲಸಗಾರನೇ, ಕೆಲಸದ ಸಂಬಂಧವಾಗಿಯೇ ಗಾಯವಾಯಿತೇ ಎಂಬುದಷ್ಟೇ ಮುಖ್ಯ. 1923ರ ಕಾಯ್ದೆಯಡಿ 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುತ್ತಿದ್ದ ಮಾಸಿಕ ವೇತನ 15,000 ರೂಪಾಯಿ. ಬಡ್ಡಿ ಶೇಕಡಾ 12. ಮಾಲೀಕನ ವಿಳಂಬಕ್ಕೆ ಹಾಕುವ ದಂಡವನ್ನು ಕಂಪನಿಯ ಮೇಲೆ ಹೊರಿಸುವಂತಿಲ್ಲ ಎಂದು 1997ರ ವೇದ್ ಪ್ರಕಾಶ್ ಗರ್ಗ್ ತೀರ್ಪಿನಲ್ಲಿದೆ, ಆದರೆ ಇದನ್ನು ಹೇಳಲು ಮರೆತರೆ ದಂಡವೂ ಆದೇಶದಲ್ಲಿ ಸೇರಿಹೋಗುತ್ತದೆ. ಒಂದೇ ಅಪಘಾತಕ್ಕೆ ಈ ಕಾಯ್ದೆಯಡಿಯೂ ಮೋಟಾರು ವಾಹನ ಕಾಯ್ದೆಯಡಿಯೂ ಎರಡು ಕಡೆ ಅರ್ಜಿ ಹಾಕಿದ್ದಾರೆಯೇ ಎಂದು ಇ–ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬೇಕು.

ಜಿಲ್ಲಾ ಗ್ರಾಹಕ ಆಯೋಗದ ಪ್ರಕರಣಗಳಲ್ಲಿ ಒಂದೇ ಎಚ್ಚರಿಕೆ ಸಾಕು. ದೂರಿನ ಪ್ರತಿ ಕೈಸೇರಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. 45 ದಿನ ಮೀರಿದರೆ ಯಾವ ಕಾರಣಕ್ಕೂ ಅವಕಾಶವಿಲ್ಲವೆಂದು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಕಂಪನಿಯ ಕಚೇರಿಯಿಂದ ಕಾಗದಗಳು ಬರುವುದು ತಡವಾದರೆ, ಸಿಕ್ಕಷ್ಟು ಆಧಾರದ ಮೇಲೆ ಹೇಳಿಕೆ ಸಲ್ಲಿಸಿಬಿಡಬೇಕು.

ಅವಾರ್ಡ್ ಆದ ಮೇಲೆ

ತೀರ್ಪು ಓದಿದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಅವಾರ್ಡ್ ಮೊತ್ತವನ್ನು, ಅಂದರೆ ನ್ಯಾಯಮಂಡಳಿ ಕೊಡಲು ಆದೇಶಿಸಿದ ಪರಿಹಾರವನ್ನು, 30 ದಿನದೊಳಗೆ ಠೇವಣಿ ಇಡಬೇಕೆಂದು ಮೋಟಾರು ವಾಹನ ಕಾಯ್ದೆಯ ಕಲಂ 168 ಹೇಳುತ್ತದೆ, ಮೇಲ್ಮನವಿಗೆ ಕಲಂ 173ರಂತೆ 90 ದಿನಗಳಿವೆ. ವಿವಾದದ ಮೊತ್ತ ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ. ಇದ್ದರೆ 25,000 ರೂಪಾಯಿ ಅಥವಾ ಅವಾರ್ಡಿನ ಅರ್ಧ, ಎರಡರಲ್ಲಿ ಕಡಿಮೆಯಾದುದನ್ನು ಠೇವಣಿ ಇಟ್ಟು ಸಲ್ಲಿಸಬೇಕು.

ನಕಲು ಸಿಕ್ಕ ಕೂಡಲೇ ಕಂಪನಿಗೆ ಅಭಿಪ್ರಾಯ ಪತ್ರ ಹೋಗಬೇಕು. ಅದು ಒಂದೂವರೆ ಪುಟ ಮೀರಬೇಕಿಲ್ಲ: ನ್ಯಾಯಮಂಡಳಿ ಹಿಡಿದ ಆದಾಯ, ವಯಸ್ಸು, ಗುಣಕ, ನಮ್ಮ ಲೆಕ್ಕ ಎಷ್ಟು, ವ್ಯತ್ಯಾಸ ಎಷ್ಟು, ಹೊಣೆಯ ಪ್ರಶ್ನೆಯಲ್ಲಿ ಯಾವ ಸಾಕ್ಷ್ಯವನ್ನು ಒಪ್ಪಿಲ್ಲ, ಮೇಲ್ಮನವಿ ಯೋಗ್ಯವೇ ಅಲ್ಲವೇ. ಸೋತ ಪ್ರಕರಣಕ್ಕೆಲ್ಲ ಮೇಲ್ಮನವಿ ಯೋಗ್ಯ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಬಡ್ಡಿ ಬೆಳೆಯುವುದು ಕಂಪನಿಯ ತಲೆಯ ಮೇಲೆ ಮತ್ತು ಕಾಯುವುದು ಅರ್ಜಿದಾರರ ಮನೆಯವರು. ವ್ಯತ್ಯಾಸ ಸಣ್ಣದಾಗಿದ್ದರೆ ಠೇವಣಿ ಇಡಿ ಎಂದೇ ಬರೆಯಬೇಕು. ಅವಾರ್ಡ್ ಆಗುವ ಮೊದಲೇ ಹೊಣೆ ಸ್ಪಷ್ಟವಾಗಿದ್ದ ಕಡತಗಳನ್ನು ಲೋಕ ಅದಾಲತ್ತಿಗೆ ಸೂಚಿಸಿ, ಕಂಪನಿ ಎಷ್ಟರವರೆಗೆ ಒಪ್ಪಬಹುದೆಂಬ ಲೆಕ್ಕವನ್ನು ಹದಿನೈದು ದಿನ ಮುಂಚೆಯೇ ಕಳುಹಿಸಿರಬೇಕು. ಅದಾಲತ್ತಿನ ಬೆಳಿಗ್ಗೆ ಫೋನಿನಲ್ಲಿ ಅನುಮತಿ ಕೇಳಿದರೆ ಸಿಗುವುದಿಲ್ಲ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ, ಅಲ್ಲಿ ಬೇರೆ ವಕೀಲರು ನಡೆಸುತ್ತಾರೆ. ಅವರಿಗೆ ಹೋಗುವ ಕಡತದಲ್ಲಿ ಆಕ್ಷೇಪಣೆ, ಎಲ್ಲ ಸಾಕ್ಷಿಗಳ ಹೇಳಿಕೆ, ಗುರುತು ಹಾಕಿದ ದಾಖಲೆಗಳು, ಪಾಲಿಸಿಯ ಪೂರ್ಣ ಪ್ರತಿ ಇವೆಲ್ಲ ಪುಟಸಂಖ್ಯೆಯೊಂದಿಗೆ ಇರಬೇಕು. ಕನ್ನಡದ ಕೈಬರಹದ ದಾಖಲೆಗಳ ಜೊತೆಗೆ ಟೈಪ್ ಮಾಡಿದ ಪ್ರತಿಯನ್ನೂ ಇಟ್ಟರೆ, ಎಂ.ಎಲ್.ಸಿ. ಪುಸ್ತಕದ ಆ ಅರ್ಧ ಸಾಲು ಮೇಲಿನ ನ್ಯಾಯಾಲಯದಲ್ಲಿ ಯಾರ ಕಣ್ಣಿಗೂ ತಪ್ಪುವುದಿಲ್ಲ.